ಎರೆವ್ವನ ಮುಖ

ನಿಮ್ಮ ಮಗುವಿನ ಕೈಗೆ ಕಥೆಯ ಪುಸ್ತಕವನ್ನಿತ್ತು, ಒಂದು ಸಾಲನ್ನಾದರೂ ಓದಿ ಹೇಳುವ ಮೊದಲೇ ಚಿತ್ರದ ಮೇಲೆ ಬೆರಳಿಟ್ಟು, ‘ನೋಡು, ಇವಳೇ ಆ ಹುಡುಗಿ’ ಎಂದು ತೀರ್ಪು ಕೊಟ್ಟವರು ನೀವೇ ಅಲ್ಲವೇ? ಆ ಬೆರಳು ಎಷ್ಟು ದೂರ ಚಾಚುತ್ತದೆಂಬುದು ನಿಮಗೆ ಗೊತ್ತಿರಲಾರದು. ಮುದ್ದೇಬಿಹಾಳದ ಶಮ್ಶುನ್ನೀಸಾ ಅವರಿಗೆ ಗೊತ್ತು.

ಶಮ್ಶುನ್ನೀಸಾ ಕನ್ನಡ ಶಿಕ್ಷಕಿ. ನಿವೃತ್ತಿ ಹತ್ತಿರವಾದ ವಯಸ್ಸಿನಲ್ಲಿ ಮಕ್ಕಳಿಗಾಗಿ ಒಂದು ಅದ್ಭುತ ಕಥೆಯನ್ನು ಬರೆದರು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಕರಿಮಣ್ಣಿನಿಂದ ಗುಳ್ಳವ್ವನನ್ನು ಮಾಡಿ, ಕಾಳುಗಳಿಂದ ಸಿಂಗರಿಸಿ, ಪೂಜಿಸಿ, ಕೊನೆಗೆ ನೀರಿಗೆ ಬಿಡುತ್ತಾರಲ್ಲ, ಹಾಗೆ ಬಾವಿಗೆ ಬಿಟ್ಟ ಒಬ್ಬ ಗುಳ್ಳವ್ವ ಕರಗದೆ, ಹುಡುಗಿಯಾಗಿ ಎದ್ದು ಬಂದರೆ ಏನಾದೀತು ಎಂಬುದೇ ಆ ಕಥೆ. ಬಾಲ್ಯದಲ್ಲಿ ಓಣಿಯ ಗೆಳತಿಯರ ಜೊತೆ ತಾವೂ ಮೊಣಕೈವರೆಗೆ ಮಣ್ಣು ಕಲಸಿದವರಾದ್ದರಿಂದ ಕಥೆ ತಾನಾಗಿ ನಡೆದುಕೊಂಡು ಬಂತು. ಹುಡುಗಿಯ ಹೆಸರು ಎರೆವ್ವ. ಎರೆಹೊಲದ ಕಪ್ಪು ಅವಳದು. ಬಿಸಿಲಿಗೆ ಅವಳ ಮೈ ಬಿರಿಯುತ್ತದೆ, ಮಳೆಗೆ ಮೆತ್ತಗಾಗುತ್ತದೆ. ಅವಳು ಕಾಲೂರಿ ನಿಂತಲ್ಲಿ ಜೋಳ ಮೊಳೆಯುತ್ತದೆ.

ಪುಸ್ತಕ ಅಚ್ಚಾಗಿ ಬಂದಾಗ ಮುಖಪುಟದ ಮೇಲೆ ನಿಂತಿದ್ದವಳು ಬೇರೆಯೇ ಒಬ್ಬಳು. ಗುಲಾಬಿ ಕೆನ್ನೆ, ಜೇನುಬಣ್ಣದ ಕೂದಲು, ಹಿಡಿಯಲ್ಲಿ ಹಿಡಿಯಬಹುದಾದ ನಡು. ಕೈಗೆ ಮಣ್ಣು ಸೋಂಕಿದ ಗುರುತೂ ಇಲ್ಲ. ಶಮ್ಶುನ್ನೀಸಾ ಪ್ರಕಾಶಕರಿಗೆ ಫೋನ್ ಮಾಡಿದರು.

“ಮೇಡಂ, ಕರೀ ಮಕ ಇಟ್ರ ಪುಸ್ತಕ ಯಾರು ಎತ್ತಿ ನೋಡತಾರ್ರಿ?” ಎಂದರು ಆತ. “ಒಳಗ ನೀವು ಬರದದ್ದು ಐತೆಲ್ಲ. ಓದವ್ರು ಓದತಾರ ಬಿಡ್ರಿ.”

ಓದಿದರು, ನಿಜ. ಆದರೆ ಓದಿದವರು ನೋಡಿದ್ದೇನು? ಬಸವನ ಬಾಗೇವಾಡಿಯಲ್ಲಿ ಮಕ್ಕಳ ಚಿತ್ರಸ್ಪರ್ಧೆಗೆ ಅವರನ್ನು ತೀರ್ಪುಗಾರರಾಗಿ ಕರೆದಿದ್ದರು. ವಿಷಯ, ‘ನಾ ಕಂಡ ಎರೆವ್ವ’. ಸಾಲಿನುದ್ದಕ್ಕೂ ನಡೆದರು; ಹಾಳೆಯಿಂದ ಹಾಳೆಗೆ ಅದೇ ಗುಲಾಬಿ ಮುಖ. ಮಕ್ಕಳ ಬಣ್ಣದ ಡಬ್ಬಿಗಳಲ್ಲಿ ಗುಲಾಬಿ ಕಡ್ಡಿ ಬುಡದವರೆಗೆ ಸವೆದಿತ್ತು. ಕರಿಯ ಕಡ್ಡಿಯ ಮೊನೆ ಮೊಂಡಾಗಿರಲಿಲ್ಲ. ‘ಅವಳ ಮೈ ಎರೆಹೊಲದ ಕಪ್ಪು’ ಎಂಬ ಸಾಲು ಪುಸ್ತಕದ ಮೊದಲ ಪುಟದಲ್ಲಿಯೇ ಇದೆ. ಒಂದು ಚಿತ್ರದ ಮುಂದೆ ಒಂದು ವಾಕ್ಯದ ಬೆಲೆ ಇಷ್ಟೇ ಎಂದಾದರೆ, ನಾವು ಮಕ್ಕಳಿಗೆ ಅಕ್ಷರವನ್ನು ಕಲಿಸುವುದಾದರೂ ಏತಕ್ಕೆ?

ಈ ಆಷಾಢದಲ್ಲಿ ಎರಡನೆಯ ಮುದ್ರಣದ ಮಾತು ಬಂತು. ಈ ಸಲ ಚಿತ್ರ ನಿಮ್ಮಿಷ್ಟದಂತೆ ಆಗಲಿ ಎಂದು ಪ್ರಕಾಶಕರೂ ಒಪ್ಪಿದರು. ಚಿತ್ರ ಬರೆಯುವವಳು ನಾಜಿಮಾ, ಶಮ್ಶುನ್ನೀಸಾ ಅವರ ಹಳೆಯ ವಿದ್ಯಾರ್ಥಿನಿ, ಈಗ ಸಿಂದಗಿಯಲ್ಲಿ ಚಿತ್ರಕಲಾ ಶಿಕ್ಷಕಿ. ಅವಳಿಗೆ ಎರೆವ್ವನ ಮುಖವನ್ನು ವಿವರಿಸಿ ಹೇಳಬೇಕು, ಅಷ್ಟೇ. ಶಮ್ಶುನ್ನೀಸಾ ಕಣ್ಣು ಮುಚ್ಚಿ ಕುಳಿತರು. ಬಂದವಳು ಗುಲಾಬಿ ಕೆನ್ನೆಯವಳು. ಮತ್ತೆ ಮುಚ್ಚಿದರು. ಮತ್ತೆ ಅವಳೇ.

“ಅಕ್ಕೋರ, ಮೂಗು ಮೊಂಡೋ ಚೂಪೋ, ಅಷ್ಟರೆ ಹೇಳ್ರಿ,” ಎಂದು ನಾಜಿಮಾ ಫೋನಿನಲ್ಲಿ ಕೇಳಿದಳು.

“ಹ್ಯಾಂಗ ಹೇಳಲಿ? ನಾ ಹಡದ ಕೂಸಿನ್ನ ಯಾರೋ ತೊಟ್ಟಿಲದಾಗ ಬದಲಿ ಮಾಡಿಟ್ಟಂಗ ಆಗೇತಿ.”

“ನನ್ನ ಹಣೇಬರಾನೂ ಅದ ಐತ್ರಿ. ಕರೀ ಬಣ್ಣ ಬಳದೇನಿ, ಆದ್ರ ಒಳಗ ಅದ ಮಕ. ಮಸಿ ಹಚ್ಚಿಕೊಂಡ ರಾಜಕುಮಾರಿ ಆಗ್ಯಾಳ.”

ಬರೆದವರಿಗೇ ತಮ್ಮ ಹುಡುಗಿ ಕಾಣದೆ ಹೋಗಿದ್ದಳು. ಅವಳು ಮರಳಿ ಸಿಗದಿದ್ದರೆ ಹೊಸ ಪುಸ್ತಕದಲ್ಲಿಯೂ ನಿಲ್ಲುವವಳು ಆ ಪರಕೀಯಳೇ.

ಇಂಥ ಹೊತ್ತಿನಲ್ಲಿ ಬೀರಣ್ಣ ಮಾಸ್ತರರ ಫೋನ್ ಬಂತು. ಇಂಡಿ ತಾಲೂಕಿನಲ್ಲಿ, ಹಲಸಂಗಿಯಿಂದ ಆಚೆ ಒಂದು ಸಣ್ಣ ಹಳ್ಳಿಯ ಶಾಲೆ ಅವರದು.

“ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಮ್ಮ ಸಾಲ್ಯಾಗ ನಿಮ್ಮ ಪುಸ್ತಕ ಒಂದ ಪ್ರತಿ ಇತ್ತು. ಝರಾಕ್ಸ್ ಮಾಡ್ಸಿ ಹುಡುಗರಿಗೆಲ್ಲ ಹಂಚೇನಿ. ಬಾಯಿಪಾಠ ಮಾಡ್ಯಾವ್ರಿ ಮಕ್ಕಳು!”

“ಚಿತ್ರಾನೂ ಹಂಚೀರೇನು?”

“ಇಲ್ರಿ. ಚಿತ್ರ ಝರಾಕ್ಸದಾಗ ಬರೇ ಮಸಿಮಸಿ ಬರತಾವ. ಆ ಹಾಳಿ ಬಿಟ್ಟೇನಿ. ಪುಸ್ತಕ ನನ್ನ ಹತ್ರನ ಐತ್ರಿ.”

ಶಮ್ಶುನ್ನೀಸಾ ನೆಟ್ಟಗೆ ಕುಳಿತರು. ಎರೆವ್ವನನ್ನು ಮಾತಿನಲ್ಲಿ ಮಾತ್ರ ಕಂಡ ಮಕ್ಕಳು ಎಲ್ಲೋ ಒಂದೆಡೆ ಇದ್ದಾರೆ!

“ಮಾಸ್ತರ, ನಾ ಮಂಗಳವಾರ ಬರ್ತೇನಿ. ಅಲ್ಲೀತನಕ ಆ ಪುಸ್ತಕ ಯಾರಿಗೂ ತೋರಸಬ್ಯಾಡ್ರಿ. ನನ್ನಾಣಿ ಐತಿ.”

“ಕಪಾಟಿನಾಗಿಟ್ಟು ಕೀಲಿ ಹಾಕ್ತೇನ್ರಿ,” ಎಂದರು ಬೀರಣ್ಣ, ಕಾರಣವನ್ನೂ ಕೇಳದೆ.

ಮಂಗಳವಾರ ಮುದ್ದೇಬಿಹಾಳದಿಂದ ಹೊರಟ ಬಸ್ಸಿನಲ್ಲಿ ಅವರ ಬೆನ್ನು ನೊಂದಿತು, ಮಂಡಿ ಹಿಡಿಯಿತು. ಸಿಂದಗಿಯಲ್ಲಿ ನಾಜಿಮಾ ಹತ್ತಿಕೊಂಡಳು. ಇಂಡಿಯಲ್ಲಿ ಬಸ್ಸು ಬದಲಿಸಿ ಶಾಲೆ ಮುಟ್ಟುವಷ್ಟರಲ್ಲಿ ಹುಡುಗಿಯರು ಹಳ್ಳದ ಮಣ್ಣು ತಂದು ಬೇವಿನ ನೆರಳಲ್ಲಿ ರಾಶಿ ಹಾಕಿದ್ದರು. ಅಂದು ಗುಳ್ಳವ್ವನ ವಾರ. ಇವತ್ತು ಗುಳ್ಳವ್ವನ ಬದಲು ಎರೆವ್ವನನ್ನು ಮಾಡಿರೆಂದು ಶಮ್ಶುನ್ನೀಸಾ ಕೇಳಿಕೊಂಡರು.

ಕೈಗಳು ಓಡಾಡಿದವು. ಒಬ್ಬಳ ಎರೆವ್ವ ಗುಡಾಣದ ಹಾಗೆ ಕುಳ್ಳಗಿದ್ದಳು. ಇನ್ನೊಬ್ಬಳದಕ್ಕೆ ಮರದ ಬೇರಿನಂಥ ಕಾಲು. ಕೋಮಲ ಎಂಬ ಹುಡುಗಿ ಮಾಡಿದ ಗೊಂಬೆಯ ಮುಂದೆ ಶಮ್ಶುನ್ನೀಸಾ ನಿಂತುಬಿಟ್ಟರು. ಅಗಲವಾದ ಹಣೆ, ಒತ್ತಿ ಮುಚ್ಚಿದ ದಪ್ಪ ತುಟಿ, ಒಂದು ಕಣ್ಣಿಗೆ ಜೋಳದ ಕಾಳು, ಇನ್ನೊಂದಕ್ಕೆ ದೊಡ್ಡ ಕಡಲೆ.

“ಒಂದು ಕಣ್ಣು ದೊಡ್ಡದ್ಯಾಕವ್ವ?”

“ಆಕಿ ಬಾವ್ಯಾಗ ಭಾಳ ದಿನ ಇದ್ಲಲ್ರಿ. ಕತ್ತಲಾಗ ನೋಡಾಕ ಒಂದು ಕಣ್ಣು ದೊಡ್ಡದು ಬೇಕ ಬೇಕು.”

“ಏ, ನಿಮ್ಮ ಆಯಿನ್ನ ಮಾಡಿಟ್ಟೀದಿ ನೋಡ!” ಎಂದು ಪಕ್ಕದವಳು ಅವಳ ಅಜ್ಜಿಯನ್ನು ಎಳೆತಂದು ಕೆಣಕಿದಳು.

“ನಮ್ಮ ಆಯಿಗೇನಾಗೇತಿ? ನಿಂದು ನೋಡಿದ್ರ ಕಳ್ಳ ಬೆಕ್ಕಿನಂಗ ಐತಿ!”

ಶಮ್ಶುನ್ನೀಸಾ ಗೊಂಬೆಯ ಹತ್ತಿರಕ್ಕೆ ಬಗ್ಗಿದರು. ಬರೆಯುವಾಗ ಕಂಡಿದ್ದ ಮುಖ ಇದೇ ಎಂದಲ್ಲ. ಆದರೆ ಈ ಹಣೆಯ ಹಿಂದಿನಿಂದ ಆ ಮುಖ ಹೊರಬರಲು ಹವಣಿಸುತ್ತಿತ್ತು. ಇನ್ನು ಸ್ವಲ್ಪ ಹೊತ್ತು ನೋಡಿದರೆ ಸಿಕ್ಕೀತು. “ನಾಜಿಮಾ, ಇಲ್ಲಿ ಬಾ, ಲಗೂ ಬಾ,” ಎಂದು ಕರೆದರು. ಅತ್ತ ಕುಳಿತು ಸಣ್ಣವರಿಗೆ ಮಣ್ಣು ಕಲಸಿಕೊಡುತ್ತಿದ್ದ ನಾಜಿಮಾ ಕೈತೊಳೆಯಲು ನಲ್ಲಿಯ ಕಡೆಗೆ ಓಡಿದಳು.

ಆಗಲೇ ಗೇಟಿನಲ್ಲಿ ಮೋಟರ್‌ಸೈಕಲ್ ನಿಂತಿತು. ಬೀರಣ್ಣ ಮಾಸ್ತರರು ಉತ್ಸಾಹದಿಂದ ಸುರುಳಿಯೊಂದನ್ನು ಇಳಿಸಿಕೊಂಡು, ಬೇವಿನ ಟೊಂಗೆಗೂ ಕಿಟಕಿಯ ಸರಳಿಗೂ ಬಿಗಿದು ಕಟ್ಟಿದರು. ಇಂಡಿಯಲ್ಲಿ ಮಾಡಿಸಿದ ಸ್ವಾಗತದ ಫ್ಲೆಕ್ಸ್. ಕೆಳಗೆ ಸಾಲಾಗಿ ಶಿಕ್ಷಕರ ಫೋಟೊ, ಮೂಲೆಯಲ್ಲಿ ಕೈಮುಗಿದ ಶಮ್ಶುನ್ನೀಸಾ. ನಡುವೆ, ಆಳೆತ್ತರಕ್ಕೆ, ‘ಎರೆವ್ವ’ ಎಂಬ ಹೆಸರಿನ ಸಮೇತ ಮುಖಪುಟದಿಂದ ಎತ್ತಿದ ಗುಲಾಬಿ ಕೆನ್ನೆಯ ಅವಳು.

“ಮಾಸ್ತರ, ತೋರಸಬ್ಯಾಡ್ರಿ ಅಂದಿದ್ದೆ!”

“ಪುಸ್ತಕ ಎಲ್ಲಿ ತೋರಸೇನ್ರಿ? ಕಪಾಟಿನಾಗ ಕೀಲಿ ಹಾಕೇನಿ, ನೋಡ್ರಿ ಬೇಕಾದ್ರ,” ಎಂದು ಬೀರಣ್ಣ ನೊಂದುಕೊಂಡು ಕಿಸೆಯಿಂದ ಕೀಲಿಯನ್ನೇ ತೆಗೆದು ತೋರಿಸಿದರು. “ಇದು ಸ್ವಾಗತದ ಫ್ಲೆಕ್ಸ್ ಅಲ್ರಿ? ದೊಡ್ಡವ್ರು ಊರಿಗೆ ಬಂದಾಗ ಫ್ಲೆಕ್ಸ್ ಇಲ್ದ ಹ್ಯಾಂಗ್ರಿ?”

ಅವರ ಮೇಲೆ ಸಿಟ್ಟಾಗುವುದಾದರೂ ಹೇಗೆ? ಅತಿಥಿಗೆ ಸಲ್ಲಬೇಕಾದ ಗೌರವವನ್ನು ಅವರು ತಮಗೆ ತಿಳಿದ ರೀತಿಯಲ್ಲಿ ಸಲ್ಲಿಸಿದ್ದರು. ಶಮ್ಶುನ್ನೀಸಾ ತಿರುಗಿ ಮಕ್ಕಳ ಕಡೆಗೆ ನೋಡಿದರು. ಎಲ್ಲ ತಲೆಗಳೂ ಮೇಲೆತ್ತಿದ್ದವು. ಒಬ್ಬಳು ಮೆಲ್ಲನೆ ತನ್ನ ಗೊಂಬೆಯನ್ನು ಅಂಗೈಯಿಂದ ಒತ್ತಿದಳು. ಆಮೇಲೆ ಇನ್ನೊಬ್ಬಳು. ಕೋಮಲ ಜೋಳವನ್ನೂ ಕಡಲೆಯನ್ನೂ ಕಿತ್ತು ಪಕ್ಕಕ್ಕಿಟ್ಟು, ಆ ಅಗಲ ಹಣೆಯನ್ನು ಹಿಡಿಯೊಳಗೆ ಹಿಚುಕಿ ಉಂಡೆ ಮಾಡಿದಳು.

“ಬ್ಯಾಡ, ಕೋಮಲ! ಯಾಕ ಕೆಡಸಿದಿ?”

“ತಪ್ಪಾಗಿತ್ತಲ್ರಿ ಅಕ್ಕೋರ. ಆಕಿ ಹಂಗಿಲ್ಲ. ಹಿಂಗ ಅದಾಳ.”

“ಕಥಿ ಬರದಾಕಿ ನಾ. ನಾ ಹೇಳಾಕತ್ತೇನಿ, ನೀ ಮಾಡಿದ್ದ ಖರೆ ಇತ್ತು. ಕಪ್ಪು ಅಂತ ನೀನ ಓದೀದಿಲ್ಲೋ?”

ಕೋಮಲ ಫ್ಲೆಕ್ಸನ್ನು ನೋಡಿದಳು, ಅವರನ್ನು ನೋಡಿದಳು. “ಹೌದ್ರಿ,” ಎಂದಳು, ದೊಡ್ಡವರಿಗೆ ಎದುರಾಡಬಾರದೆಂದು ಮಕ್ಕಳು ಹೇಳುವ ‘ಹೌದ್ರಿ’. ಬಳಿಕ ಗೆಳತಿಯ ಕಡೆಗೆ ತಿರುಗಿ, “ಬೋರ್ಡಿನ ಕಡೆ ಚಾಕ್‌ಪೀಸಿನ ಪುಡಿ ಐತೇನ ನೋಡ, ಮಕಕ್ಕ ಹಚ್ಚೂಣು,” ಎಂದಳು.

ನಾಜಿಮಾ ಒದ್ದೆ ಕೈ ಝಾಡಿಸುತ್ತ ಬಂದಾಗ ನೋಡಲು ಏನೂ ಉಳಿದಿರಲಿಲ್ಲ. ಸಂಜೆಯೊಳಗೆ ಅಲ್ಲಿನ ಎಲ್ಲ ಎರೆವ್ವಂದಿರೂ ಬೆಳ್ಳಗಾದರು. ಎಲ್ಲರ ಸೊಂಟವೂ ಸಣ್ಣಗಾಯಿತು. ನಾಲ್ಕಾರು ಗೊಂಬೆಗಳು ಆ ಸೊಂಟದಲ್ಲಿಯೇ ಮುರಿದುಬಿದ್ದವು. ಮಣ್ಣು ಅಷ್ಟು ತೆಳ್ಳಗೆ ನಿಲ್ಲುವುದಿಲ್ಲ.

ಮರಳುವ ಬಸ್ಸಿನಲ್ಲಿ ಶಮ್ಶುನ್ನೀಸಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಆ ಹಣೆಯಾದರೂ ಬರಬಹುದೆಂದು ಕಾದರು. ಬರಲಿಲ್ಲ. ದಣಿದವರಿಗೆ ಸುಲಭವಾಗಿ ಬರುವವಳು ಗುಲಾಬಿಯವಳೇ.

“ನಾಜಿಮಾ,” ಎಂದರು ಕಣ್ಣು ತೆರೆಯದೆ, “ಬಾವಿ ಬರಿ. ಬಿರುಕು ಬಿಟ್ಟ ಹೊಲ ಬರಿ. ಹೆಜ್ಜಿ ಬರಿ, ಹೆಜ್ಜ್ಯಾಗ ಮೊಳತ ಜೋಳ ಬರಿ. ಆಕೀನ್ನ ಮಾತ್ರ ಬರೀಬ್ಯಾಡ.”

“ಕರೀ ಮಕ ಒಂದು ಬರದ್ರ ನ್ಯಾಯ ಆಗೂದಿಲ್ಲೇನ್ರಿ?”

“ನೀ ಬರದ್ರ ಅದೂ ಒಂದ ಮಕ ಆಗತೈತವ್ವ. ಕೋಮಲ ಮಾಡಿದಂಥ ಮಕ ಮತ್ತ ಹಿಚುಕಿ ಹೋಗತೈತಿ.”

ಫೋನಿನಲ್ಲಿ ಪ್ರಕಾಶಕರು ಗೊಣಗಿದರು. ನಾಯಕಿಯಿಲ್ಲದ ಚಿತ್ರ ಯಾರಿಗೆ ಬೇಕೆಂದರು. ಹಾಗಾದರೆ ಎರಡನೆಯ ಮುದ್ರಣವೇ ಬೇಡವೆಂದು ಶಮ್ಶುನ್ನೀಸಾ ಹೇಳಿದಾಗ, “ಆತು ಬಿಡ್ರಿ ಮೇಡಂ, ಮಾರಾಟ ಆಗಲಿಲ್ಲಂದ್ರ ನನ್ನ ಬೈಬ್ಯಾಡ್ರಿ,” ಎಂದು ಒಪ್ಪಿದರು. ಗೆದ್ದೆನೆಂಬ ಭಾವ ಶಮ್ಶುನ್ನೀಸಾ ಅವರಲ್ಲಿ ಮೂಡಲಿಲ್ಲ. ತಮ್ಮ ಹುಡುಗಿ ತಮಗೆ ಇನ್ನು ಕಾಣುವುದಿಲ್ಲವೆಂಬುದನ್ನು ಅವರು ಒಪ್ಪಿಕೊಂಡಿದ್ದರು. ಬೇರೆ ಯಾರಿಗಾದರೂ ಕಾಣಲೆಂದು ದಾರಿ ಬಿಟ್ಟಿದ್ದರು, ಅಷ್ಟೇ.

ಆದರೆ ಮೊದಲ ಮುದ್ರಣದ ಪ್ರತಿಗಳು ಇನ್ನೂ ಮನೆಮನೆಗಳಲ್ಲಿವೆ. ಎರೆವ್ವನ ಪುಸ್ತಕವಲ್ಲದಿದ್ದರೆ ಅಂಥ ಬೇರೊಂದು ನಿಮ್ಮ ಮನೆಯಲ್ಲಿಯೂ ಇರುತ್ತದೆ. ಇಂದೇ ಅದನ್ನು ಹೊರತೆಗೆಯಿರಿ. ಪಾಠದ ಪುಸ್ತಕಗಳಿಗೆ ಹಾಕುವ ಹಾಗೆ ಅದರ ಮುಖಪುಟಕ್ಕೂ ಖಾಕಿ ಹಾಳೆಯ ಹೊದಿಕೆ ಹಾಕಿರಿ. ಒಳಗಿನ ಚಿತ್ರಗಳ ಮೇಲೆ ಅಂಗೈಯಿಟ್ಟು, ಕಥೆಯನ್ನು ಗಟ್ಟಿಯಾಗಿ ಓದಿ ಹೇಳಿರಿ. ಆಮೇಲೆ ‘ಅವಳು ಹೇಗಿದ್ದಾಳೆ?’ ಎಂದು ಮಗುವನ್ನೇ ಕೇಳಿರಿ. ಮಗು ಹೇಳಿ ಮುಗಿಸುವವರೆಗೆ, ದಯವಿಟ್ಟು, ಆ ಅಂಗೈಯನ್ನು ಎತ್ತಬೇಡಿರಿ.