ಅರಿಶಿನದ ಒಲೆಗೆ ನೀರು

ಅರಿಶಿನ ಬೇಯಿಸುವ ದಿನಗಳಲ್ಲಿ ನಮ್ಮೂರಿನ ಹೊಲಗಳಲ್ಲೆಲ್ಲ ಹೊಗೆ. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರು ನಮ್ಮದು. ಗೆಡ್ಡೆ ಕಿತ್ತು, ಹೊಲದಲ್ಲೇ ಗುಂಡಿ ತೋಡಿ ಒಲೆ ಹೂಡಿ, ಕೊಪ್ಪರಿಗೆ ಇಟ್ಟು, ಅರಿಶಿನದ ಒಣಗಿದ ತರಗನ್ನೇ ಉರಿಗೆ ಹಾಕುತ್ತೇವೆ. ಬೆಂದ ಗೆಡ್ಡೆಯನ್ನು ಬಿಸಿಲಿಗೆ ಹರವಿದ ಮೇಲೆ ಒಲೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ತಾನಾಗಿ ಆರುತ್ತದೆ ಬಿಡು ಎನ್ನುತ್ತೇವೆ.

ಈ ಸಲ ಅದು ತಾನಾಗಿ ಆರಲಿಲ್ಲ.

ಅವತ್ತು ಮಹದೇವಸ್ವಾಮಿಯ ಹೊಲದಲ್ಲಿ ಅರ್ಧ ಅರಿಶಿನ ಬೆಂದು ಕೊಪ್ಪರಿಗೆ ಇಳಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅವನ ಹೆಂಡತಿ ಸುಂದ್ರಮ್ಮ ಬಿಂದಿಗೆ ಹಿಡಿದು ಒಲೆಯ ಹತ್ತಿರ ಹೋದಳು.

"ಏಯ್, ಏನ್ ಮಾಡ್ತಿದ್ದೀಯೆ ಅಲ್ಲಿ?"

"ಕೆಂಡ ಅದೆ. ಒಸಿ ನೀರ್ ಉಯ್ಬುಟ್ಟು ಬತ್ತೀನಿ."

"ಅರಿಸ್ನ ಬೇಯ್ಸಿದ್ ಒಲೆಗೆ ನೀರ್ ಉಯ್ತಾರಾ? ನಮ್ಮಪ್ಪ ಉಯ್ದಿಲ್ಲ, ನಮ್ಮ ತಾತ ಉಯ್ದಿಲ್ಲ. ಮುಂದ್ಲೊರ್ಸ ಬೆಳೆ ಕೈ ಬುಟ್ಟೋಯ್ತದೆ. ಮಡುಗು ಬಿಂದ್ಗೆಯ."

"ಗಾಳಿ ಎದ್ದದೆ."

"ಗಾಳಿ ನಿಂಗೊಬ್ಳಿಗೇ ಕಾಣದಾ? ಒಂದಿಷ್ಟು ಮಣ್ಣೆಳ್ದುಬುಟ್ರೆ ಆಯ್ತು. ನಡಿ, ಉಣ್ಣಕ್ಕೋಗನ."

ಕಾಲಿನಲ್ಲೇ ಎರಡು ಸಲ ಮಣ್ಣು ತಳ್ಳಿದ. ಇಬ್ಬರೂ ಊರ ಕಡೆ ನಡೆದರು.

ಮೇಲೆ ಮಣ್ಣು ತಳ್ಳಿದರೆ ಕೆಂಡ ಸಾಯುವುದಿಲ್ಲ, ಹೊದ್ದು ಮಲಗುತ್ತದೆ. ಗಾಳಿ ಆ ಹೊದಿಕೆಯನ್ನು ಕಿತ್ತಿತು. ಕಿಡಿ ತರಗಿನ ಗುಡ್ಡೆಗೆ ಬಿತ್ತು, ಅಲ್ಲಿಂದ ಬದುವಿನ ಒಣಹುಲ್ಲಿಗೆ, ಬದು ದಾಟಿ ಪುಟ್ಟಸಿದ್ದಮ್ಮನ ಜೋಳದ ಕಡ್ಡಿ ಮೆದೆಗೆ. ಮೆದೆಯ ಪಕ್ಕದ ಹೊಂಗೆ ಮರಕ್ಕೆ ಅವಳು ತನ್ನ ಸೀಮೆಹಸು ಕಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ಪುಟ್ಟಸಿದ್ದಮ್ಮನ ಮನೆ ನಡೆಯುತ್ತಿದ್ದುದು ಡೇರಿಗೆ ಹಾಕುವ ಆ ಹಸುವಿನ ಹಾಲಿನಿಂದ. ಅವಳು ಕಳೆ ಕೀಳಲು ಇನ್ನೊಬ್ಬರ ಹೊಲಕ್ಕೆ ಹೋಗಿದ್ದಳು. ಹೊಗೆ ನೋಡಿ ಓಡಿಬಂದು ಕುಡುಗೋಲಿನಿಂದ ಹಗ್ಗ ಕೊಯ್ದಳು. ಅಷ್ಟರಲ್ಲಿ ಹಸುವಿನ ಹೊಟ್ಟೆ, ಕೆಚ್ಚಲು ಸುಟ್ಟಿದ್ದವು. ಅವಳ ಎರಡು ಅಂಗೈಯೂ.

ಅವಳ ಹೊಲದಾಚೆ ಆನೆ ಕಂದಕ. ಕಂದಕದಾಚೆ ಬಂಡೀಪುರದ ಕಾಡು. ಊರವರು ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿದರು. ಅರಣ್ಯ ಇಲಾಖೆಯ ಗಾರ್ಡ್ ಶಿವರಂಜಿನಿ ವಾಚರ್‌ಗಳನ್ನು ಕರೆದುಕೊಂಡು ಬಂದಳು. ಬೆಂಕಿ ಕಂದಕದ ಈಚೆಗೇ ನಿಂತಿತು. ನಮ್ಮ ಜಾಣತನದಿಂದಲ್ಲ, ಗಾಳಿ ತಿರುಗಿದ್ದರಿಂದ.

ಸಂಜೆ ಪುಟ್ಟಸಿದ್ದಮ್ಮನ ಕೊಟ್ಟಿಗೆಗೆ ಬಂದ ಪಶುವೈದ್ಯರು ಮುಲಾಮು ಹಚ್ಚಿ, ಈ ಹಸು ಮತ್ತೆ ಹಾಲು ಕೊಡುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಆಗ ಮಹದೇವಸ್ವಾಮಿ ಬಾಯಿ ಬಿಟ್ಟ.

"ನಾನೇನ್ ಬೇಕೂಂತ ಬೆಂಕಿ ಇಕ್ಕುದ್ನಾ ಸಿದ್ದಕ್ಕ? ಗಾಳಿ ಮಾಡ್ದ ಕೆಲ್ಸ."

"ಗಾಳಿ ಅರಿಸ್ನ ಬೇಯ್ಸಿತ್ತಾ? ಗಾಳಿ ಒಲೆ ಊಡಿತ್ತಾ? ಗಾಳಿ ಮನ್ಗೋಗಿ ಮುದ್ದೆ ಮುರೀತಿತ್ತಾ?"

"ಮಣ್ ಎಳ್ದೇ ಓಗಿದ್ದು ಕಣಕ್ಕ."

"ಮೇಲೆ ಮಣ್ಣೆಳ್ದು ಬಂದ್ರೆ ಸಾಲಲ್ಲ ಅಣ್ಣ," ಎಂದಳು ಶಿವರಂಜಿನಿ. ಅವಳ ಮುಖಕ್ಕೆಲ್ಲ ಮಸಿ ಮೆತ್ತಿತ್ತು. "ಒಳಗೆ ಕೆಂಡ ಮಾರನೇ ದಿನಕ್ಕೂ ಜೀವ ಇಟ್ಕೊಂಡಿರುತ್ತೆ. ನೀರು ಹಾಕ್ಬೇಕು, ಕೆದಕ್ಬೇಕು, ಮತ್ತೆ ಹಾಕ್ಬೇಕು. ಕಾಡಿಗೇನಾದ್ರೂ ಹತ್ತಿದ್ರೆ ಬೇಕಂತ ಹಾಕ್ಲಿಲ್ಲ ಅಂದ್ರೂ ಕೇಸ್ ಆಗುತ್ತೆ. ಕಾನೂನು ಉದಾಸೀನಾನೂ ತಪ್ಪು ಅನ್ನುತ್ತೆ."

"ಅರಿಸ್ನದೊಲೆಗೆ ನೀರು ಉಯ್ಯದು ನಮ್ಮಲ್ಲಿಲ್ಲ ಮೇಡಮ್ಮೋರೆ. ನಿಮ್ಗೆ ಗೊತ್ತಾಗಕ್ಕಿಲ್ಲ. ಬೆಳೆ ಓಯ್ತದೆ ಅಂತ ಒಂದ್ ಭಯ."

ಪುಟ್ಟಸಿದ್ದಮ್ಮ ಬಟ್ಟೆ ಸುತ್ತಿದ ಕೈಗಳನ್ನು ಅವನ ಮುಖಕ್ಕೆ ಹಿಡಿದಳು. "ನಿನ್ ಬೆಳೆ ಓಯ್ತದೆ ಅಂತ ನಿಂಗೆ ಭಯ. ನನ್ ಹಸೀನ ಕರಾವು ಓಯ್ತಲ್ಲ, ಅದುಕ್ಕೆ ಯಾರ್ಲಾ ಭಯಪಡ್ಬೇಕಾಗಿತ್ತು? ಬಾ ಇಲ್ಲಿ. ಬಂದು ನೋಡು ಆ ಕೆಚ್ಲ."

ಅವನು ಕೊಟ್ಟಿಗೆಯೊಳಗೆ ಹೋದ. ಕೊಟ್ಟಿಗೆಯಲ್ಲೇ ಉಳಿದಿದ್ದ ಅದರ ಎಳೆ ಕರು ಹಸಿದು ಕೆಚ್ಚಲಿಗೆ ಮೂತಿ ಹಾಕಿತು. ತಾಯಿ ಅದನ್ನು ಒದ್ದಿತು. ಕರು ಮತ್ತೆ ಬಂತು. ಮತ್ತೆ ಒದ್ದಿತು. ಮಹದೇವಸ್ವಾಮಿ ಟವೆಲಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದ. ಪಕ್ಕದಲ್ಲಿ ನಿಂತಿದ್ದ ಸುಂದ್ರಮ್ಮ ಈ ಸಲ ಬಿಡಲಿಲ್ಲ.

"ಬಿಂದ್ಗೆ ನನ್ ಕೈಲೇ ಇತ್ತು. ಒಂದ್ ಮಾತು ಕೇಳಿದ್ರೆ ನಿಮ್ ಗಂಟೇನ್ ಓಯ್ತಿತ್ತು?"



ಮಾರನೇ ದಿನದಿಂದ ಸುಂದ್ರಮ್ಮ ತನ್ನ ಹಸುವಿನ ಹಾಲನ್ನು ಆ ಕರುವಿಗೆ ತಂದು ಕುಡಿಸಿದಳು. ಮಹದೇವಸ್ವಾಮಿ ತನ್ನ ಮೆದೆಯಲ್ಲಿ ಅರ್ಧ ಗಾಡಿಗೆ ಹೇರಿಕೊಂಡು ಬಂದ. ಪುಟ್ಟಸಿದ್ದಮ್ಮ ಬಾ ಎನ್ನಲಿಲ್ಲ. "ಅತ್ಲಾಗೆ ಒಟ್ಟು," ಎಂದಳು ಅಷ್ಟೆ. ಯಾಕೆ ಬಾ ಎನ್ನಬೇಕು?

ಉಳಿದರ್ಧ ಅರಿಶಿನ ಬೇಯಿಸುವ ದಿನ ಅವನು ಮೊದಲೇ ಶಿವರಂಜಿನಿಗೆ ಫೋನ್ ಮಾಡಿ ತಿಳಿಸಿದ; ಅವಳೂ ಬಂದು ನಿಂತಳು. ಒಲೆಯ ಸುತ್ತಲಿನ ತರಗು, ಹುಲ್ಲನ್ನೆಲ್ಲ ಕೆರೆದು ಬರೀ ನೆಲ ಮಾಡಿದ. ಡ್ರಮ್ಮಿನ ತುಂಬ ನೀರು ಇಟ್ಟುಕೊಂಡ. ಗಾಳಿ ಏಳುವ ಮೊದಲೇ, ಬೆಳಗಿನ ಹೊತ್ತಿಗೇ ಕೊಪ್ಪರಿಗೆ ಇಳಿಸಿದ. ಆಮೇಲೆ ತಾನೇ ಬಿಂದಿಗೆ ಎತ್ತಿ ಸುರಿದ. ಬುಸ್ಸೆಂದು ಆವಿ ಎದ್ದು, ಒಲೆ ಕಪ್ಪಾಯಿತು.

"ಸಾಕಾ ಮೇಡಮ್ಮೋರೆ?"

"ಕೆದಕಿ ನೋಡಿ."

ಗುದ್ದಲಿಯಲ್ಲಿ ಎಳೆದ. ಕಪ್ಪಿನ ಕೆಳಗೆ ಕೆಂಪು.

"ಒಳ್ಗೆ ಇನ್ನೂ ಉರೀತಾ ಅದಲ್ಲ," ಎಂದ ಅವನು, ತನಗೇ ಹೇಳಿಕೊಂಡಂತೆ.

"ಅವತ್ತೂ ಇಂಗೇ ಇತ್ತು ಕಣ್ಲಾ," ಎಂದಳು ಬದುವಿನ ಮೇಲೆ ನಿಂತಿದ್ದ ಪುಟ್ಟಸಿದ್ದಮ್ಮ.

ಅವನು ಮತ್ತೆ ನೀರು ಸುರಿದ, ಮತ್ತೆ ಕೆದಕಿದ, ಬೂದಿ ಕೆಸರಾಗುವವರೆಗೆ. ಕೊನೆಗೆ ಮುಂಗೈಯನ್ನು ಬೂದಿಯ ಹತ್ತಿರ ಹಿಡಿದು ನೋಡಿದ. ಬಿಸಿ ತಾಗಲಿಲ್ಲ. ಆಮೇಲೇ ಅಲ್ಲಿಂದ ಎದ್ದದ್ದು.

ಹಸು ಬದುಕಿದೆ. ಹಾಲಿಲ್ಲ. ಪುಟ್ಟಸಿದ್ದಮ್ಮ ಬೆಳಿಗ್ಗೆ ಎದ್ದು ಈಗ ಕೂಲಿಗೆ ಹೋಗುತ್ತಾಳೆ.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇನ್ನು ಮೇಲೆ ಗಾಳಿಯನ್ನು ಬೈಯಬೇಡಿ. ಅರಿಶಿನದ ಒಲೆಯಿರಲಿ, ಬದು ಸುಡುವುದಿರಲಿ, ಕಸದ ಗುಡ್ಡೆಯಿರಲಿ, ನಿಮ್ಮ ಹೊಲ ಕಾಡಂಚಿನಲ್ಲಿದ್ದರೆ ಬೆಂಕಿ ಹಚ್ಚುವ ಮುಂಚೆ ಅರಣ್ಯ ಕಚೇರಿಗೆ ತಿಳಿಸಿ, ಹಚ್ಚಬಹುದೇ ಎಂದು ಕೇಳಿ. ಬೇಡ ಎಂದರೆ ಬೇಡ. ಗಾಳಿಯ ಹೊತ್ತಿನಲ್ಲಿ ಹಚ್ಚಲೇಬೇಡಿ. ಸುತ್ತ ಹುಲ್ಲು ಕೆರೆಯಿರಿ, ನೀರು ಪಕ್ಕದಲ್ಲಿರಲಿ, ಒಬ್ಬರಾದರೂ ಅಲ್ಲೇ ಇರಿ. ಕೈ ಮೀರಿದರೆ ಮುಚ್ಚಿಡಲು ನೋಡದೆ ತಕ್ಷಣ 112ಕ್ಕೆ ಫೋನ್ ಮಾಡಿ. ಮನೆಯಲ್ಲಿ ಹೆಂಗಸು ನೀರು ಹಾಕುತ್ತೇನೆ ಎಂದರೆ ಅಡ್ಡ ಬರಬೇಡಿ, ಇನ್ನೊಂದು ಬಿಂದಿಗೆ ತಂದುಕೊಡಿ. ತಾತ ಮಾಡಲಿಲ್ಲ ಎಂಬುದು ಸುಟ್ಟ ಕೆಚ್ಚಲಿಗೆ ಔಷಧಿಯಲ್ಲ.

ಹಚ್ಚಿದವರೇ ಆರಿಸಿ. ಆರಿತೇ ಎಂದು ಕೈ ಹಿಡಿದು ನೋಡಿ. ಆಮೇಲೆ ಉಣ್ಣಲು ಹೋಗಿ.