ಮೂರನೆಯ ರಾಡಿನ ನಟ್ಟು

ಮಾತು ಬಿಟ್ಟ ಗಂಡ ಹೆಂಡತಿ ಸೇರಿ ಜೀಪಿನ ಇಂಜಿನ್ ಕಟ್ಟಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಾವು ಕಟ್ಟಿದೆವು. ಮನೆಯ ಹಿಂದಿನ ಶೆಡ್ಡಿನಲ್ಲಿ, ಹಳೆಯ ಊಟದ ಮೇಜಿನ ಮೇಲೆ, ಒಬ್ಬರ ಮುಖ ಒಬ್ಬರು ನೋಡದೆ.

ನಾನು ನರ್ಸ್. ಗುಡ್ಡದ ಮೇಲಿನ ಮನೆಗಳಿಗೆ ಔಷಧಿ, ಚುಚ್ಚುಮದ್ದು, ಹೆರಿಗೆ ಎಂದು ಹತ್ತಿ ಇಳಿಯುವವಳು. ಆ ದಾರಿಯನ್ನು ಬೇರೆ ಯಾವ ಗಾಡಿಯೂ ಹತ್ತುವುದಿಲ್ಲ, ನನ್ನ ಅಪ್ಪನ ಕಾಲದ ಈ ಜೀಪೇ ಆಗಬೇಕು. ಒಂದು ದಿನ ಅದು ಕಡಿದಾದ ತಿರುವಿನಲ್ಲಿ ಹೊಗೆ ಕಾರಿ ನಿಂತುಬಿಟ್ಟಿತು. ಬ್ರೇಕ್ ಹಿಡಿಯುವಷ್ಟರಲ್ಲಿ ಕಂದಕದ ಅಂಚಿನವರೆಗೆ ಹಿಂದಕ್ಕೆ ಜಾರಿದ್ದೆ. ಮನೆಗೆ ಬಂದು ಅದನ್ನು ಹೇಳಿದ್ದೇ ತಪ್ಪಾಯಿತು.

"ಗುಜರಿಗೆ ಹಾಕು ಅದನ್ನ. ನೀನು ಗುಡ್ಡ ಹತ್ತಿದ್ದು ಸಾಕು," ಎಂದರು ನನ್ನ ಗಂಡ.

ನನಗೆ ಮೂಗಿನ ತುದಿಯಲ್ಲೇ ಕೋಪ. "ನಿಮ್ಮ ಕೈ ನಡುಗುತ್ತೆ, ರಿಪೇರಿ ಮಾಡೋಕಾಗಲ್ಲ ಅಂತ ಹೇಳಿ. ಅದನ್ನ ನನ್ನ ಕೆಲಸದ ಮೇಲೆ ಯಾಕೆ ಹಾಕ್ತೀರಿ?" ಎಂದುಬಿಟ್ಟೆ.

ಜೀವಮಾನವಿಡೀ ಲೇತ್ ಮಷಿನಿನ ಮುಂದೆ ನಿಂತು ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಕಡೆದ ಮನುಷ್ಯ ಅವರು. ಬಾಯಿಗೆ ಅಂದೇ ಬೀಗ ಬಿತ್ತು. ಮಾರನೆಯ ಬೆಳಿಗ್ಗೆ ನೋಡುತ್ತೇನೆ, ತೊಲೆಗೆ ಸರಪಳಿ ಕಟ್ಟಿ ಇಂಜಿನ್ನನ್ನು ಹೊರಗೆತ್ತಿದ್ದರು. ನಾನೇನು ಕಡಿಮೆಯೇ? ತುಟಿ ಪಿಟಕ್ಕೆನ್ನದೆ ಸೀಮೆಎಣ್ಣೆಯ ಬಕೆಟ್ ತಂದು ಭಾಗಗಳನ್ನು ತೊಳೆಯತೊಡಗಿದೆ. ಜೀಪು ಏಳದಿದ್ದರೆ ಗುಡ್ಡದ ಸುತ್ತು ನಿಲ್ಲಿಸಿ ನನ್ನನ್ನು ಆಫೀಸಿನಲ್ಲಿ ಕೂರಿಸುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಗುಡ್ಡದ ಮೇಲೆ ತುಂಬು ಬಸುರಿಯರಿದ್ದರು. ಕೂತು ಮುನಿಸಿಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ, ನಿಂತೇ ಮುನಿಸಿಕೊಂಡೆ.

ನಮ್ಮ ನಡುವೆ ಸಿಕ್ಕಿಹಾಕಿಕೊಂಡವರು ಭಾವ, ಇವರ ಅಣ್ಣ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಮನೆಮಂದಿಗೆಲ್ಲ ಅವರು ರೇಡಿಯೊ.

"ಭಾವ, ಊಟ ಆರ್ತಿದೆ ಅಂತ ಹೇಳಿ ಅವರಿಗೆ."

"ಅಣ್ಣ, ಹಸಿವಿಲ್ಲ ಅನ್ನು."

"ನಾನೇನು ಟೆಲಿಫೋನ್ ಕಂಬಾನಾ? ಒಂದು ಮಾರು ದೂರದಲ್ಲಿ ನಿಂತಿದ್ದೀರಲ್ರೋ!" ಎನ್ನುತ್ತಿದ್ದರು ಭಾವ. ಆದರೂ ಸುದ್ದಿ ಮುಟ್ಟಿಸುತ್ತಿದ್ದರು, ಅದರಲ್ಲಿ ಅವರಿಗೆ ಖುಷಿಯಿತ್ತು.

ಪಿಸ್ಟನ್ನಿನಿಂದ ಇಳಿದು ಬರುವ ರಾಡುಗಳನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಬಿಗಿಯುವುದು ಇಂಜಿನ್ ಕೆಲಸದಲ್ಲೇ ಜೀವ ಕೈಯಲ್ಲಿ ಹಿಡಿಯುವ ಘಟ್ಟ. ನಾಲ್ಕು ರಾಡು, ಒಂದೊಂದಕ್ಕೆ ಎರಡು ನಟ್ಟು. ಬಿಗಿಯುವ ಸ್ಪ್ಯಾನರ್ ಬೇರೆಯೇ ಇದೆ. ಬೇಕಾದಷ್ಟು ಬಿಗಿಯಾದಾಗ 'ಟಕ್' ಎನ್ನುತ್ತದೆ. ಇವರ ಕಾರ್ಖಾನೆಯ ಪದ್ಧತಿಯಂತೆ ಒಬ್ಬರು ಬಿಗಿದು "ಆಯ್ತು" ಎಂದು ಕೂಗಬೇಕು, ಇನ್ನೊಬ್ಬರು ನಟ್ಟಿನ ಮೇಲೆ ಹಳದಿ ಬಣ್ಣದ ಗೀಟೆಳೆಯಬೇಕು. ನಮ್ಮಲ್ಲಿ ಕೂಗುವವರಾರು? ಅವರು ಸ್ಪ್ಯಾನರ್ ತೆಗೆದರೆ ನಾನು ಗೀಟೆಳೆಯುತ್ತಿದ್ದೆ. ಅವರ ಕೈ ಸೋತರೆ ಸ್ಪ್ಯಾನರನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು, ಆಗ ನಾನೇ ಬಿಗಿದು ನಾನೇ ಗೀಟೆಳೆಯುತ್ತಿದ್ದೆ. ಸರಾಗವಾಗಿ ನಡೆದಿತ್ತು.

ಇಂಜಿನ್ ಮತ್ತೆ ಜೀಪಿನೊಳಗೆ ಕೂತ ಮೇಲೆ ಅಂಗಳದಲ್ಲಿ ಅದನ್ನು ಚಾಲೂ ಮಾಡುವ ಬೆಳಿಗ್ಗೆ ಬಂತು. ಎಣ್ಣೆ ತುಂಬಿಸಿದ್ದಾಯಿತು, ಬ್ಯಾಟರಿ ಕಟ್ಟಿದ್ದಾಯಿತು. ಇವರು ಮುಖ ಗಂಟಿಕ್ಕಿಕೊಂಡು ಡ್ರೈವರ್ ಸೀಟಿನಲ್ಲಿ ಕೂತರು. ಭಾವ ಒಂದೇ ಸಮ ಮಾತಾಡುತ್ತಾ, ಕೈಗೆ ಸಿಕ್ಕ ಆ ಬಿಗಿಯುವ ಸ್ಪ್ಯಾನರನ್ನು ಬಂಪರಿನ ಬೋಲ್ಟಿಗೆ ಹಾಕಿ ಆಟವಾಡುತ್ತಿದ್ದರು. ಅದು 'ಟಕ್' ಎಂದಿತು.



ಮೂರನೆಯ ರಾಡಿಗೆ ಆ ಸದ್ದು ನಾನು ಕೇಳಿರಲಿಲ್ಲ. ಆಗ ಆಸ್ಪತ್ರೆಯಿಂದ ಫೋನ್ ಬಂದು ಒಳಗೆ ಹೋಗಿದ್ದೆ. ಬಂದಾಗ ಸ್ಪ್ಯಾನರ್ ಮೇಜಿನ ಮೇಲಿತ್ತು, ಇವರು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಬಿಗಿದಾಗಿದೆ ಎಂದುಕೊಂಡು ಎರಡೂ ನಟ್ಟಿಗೆ ಗೀಟೆಳೆದೆ. ಅವರು ಬಂದು ಗೀಟು ನೋಡಿ, ನಾನೇ ಬಿಗಿದೆ ಎಂದುಕೊಂಡು ನಾಲ್ಕನೆಯದಕ್ಕೆ ಹೋಗಿದ್ದರೆ? ಬರೀ ಬೆರಳಲ್ಲಿ ತಿರುಗಿಸಿದ ನಟ್ಟಿನ ಮೇಲೆ ಇಂಜಿನ್ ಓಡಿದರೆ ರಾಡು ಕಳಚಿ ಇಂಜಿನ್ನಿನ ಒಡಲಾದ ಬ್ಲಾಕನ್ನೇ ಒಡೆದುಕೊಂಡು ಹೊರಬರುತ್ತದೆ. ಅಂಥ ಬ್ಲಾಕು ಈಗ ಎಲ್ಲೂ ಸಿಗುವುದಿಲ್ಲ. ನನ್ನ ಗುಡ್ಡ ಅಲ್ಲಿಗೆ ಮುಗಿಯಿತು.

ಕೇಳಿಬಿಡಬಹುದಿತ್ತು. ಆದರೆ "ಬಿಗಿದ್ರಾ?" ಎಂದು ಕೇಳಿದರೆ ನಿಮ್ಮ ಕೈ ನಂಬೋಕಾಗಲ್ಲ ಎಂದು ಮತ್ತೊಮ್ಮೆ ಹೇಳಿದಂತೆಯೇ ಆಗುತ್ತಿತ್ತು, ಅದೂ ಅವರ ಅಣ್ಣನ ಎದುರಿಗೆ.

"ಭಾವ, ಮೂರನೇ ರಾಡು ಯಾರು ಬಿಗಿದಿದ್ದು ಅಂತ ಕೇಳಿ," ಎಂದೆ.

"ಅಯ್ಯೋ, ಇದೊಳ್ಳೆ ಕಥೆ! ಲೇತಿನ ಸರದಾರನಿಗೆ ನಟ್ಟು ಬಿಗಿಯೋ ಪಾಠಾನಾ?" ಭಾವ ಹೋ ಎಂದು ನಕ್ಕರು.

ಇವರು ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಕೀಲಿಯನ್ನು ಅರ್ಧ ತಿರುಗಿಸಿದರು. ಹಳೆಯ ಡೀಸೆಲ್ ಇಂಜಿನ್, ಒಳಗೆ ಬಿಸಿಯಾಗುವವರೆಗೆ ಕಾಯಬೇಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿಕೊಂಡಿತು. ಅದು ಆರಿದ ಕೂಡಲೇ ಉಳಿದರ್ಧ ತಿರುಗಿಸುತ್ತಾರೆ. ಎಲ್ಲಾ ಸರಿಯಾಗೇ ಇದ್ದು ನಾನೇ ಸುಮ್ಮನೆ ರಂಪ ಮಾಡುತ್ತಿದ್ದರೆ? ಈ ಮನುಷ್ಯ ಇನ್ನು ಈ ಜನ್ಮದಲ್ಲಿ ನನ್ನೊಂದಿಗೆ ಮಾತಾಡುವುದಿಲ್ಲ ಅನ್ನಿಸಿತು. ನನಗೆ ಅವರ ಮಾತು ಬೇಕಾಗಿತ್ತು, ತುಂಬಾ ಬೇಕಾಗಿತ್ತು. ದೀಪ ಆರಿತು.

ಕಿಟಕಿಯೊಳಗೆ ಕೈ ತೂರಿಸಿ ಅವರ ಮಣಿಕಟ್ಟು ಹಿಡಿದೆ. "ಬೇಡ ಕಣ್ರೀ. ಬಿಡಿ."

ಜಗ್ಗಾಡುತ್ತಾರೆ, ಸಿಡುಕುತ್ತಾರೆ ಎಂದುಕೊಂಡಿದ್ದೆ. ಅವರು ಕೀಲಿಯನ್ನು ತಟ್ಟನೆ ಬಿಟ್ಟುಬಿಟ್ಟರು. ಏನೊಂದೂ ಕೇಳದೆ ಇಳಿದು, ಜೀಪಿನ ಕೆಳಗೆ ಗೋಣಿಚೀಲ ಹಾಸಿದರು. ಹಾಕಿದ ಎಣ್ಣೆಯನ್ನೆಲ್ಲ ಮತ್ತೆ ಡಬ್ಬಕ್ಕೆ ಬಸಿದು, ಇಂಜಿನ್ನಿನ ತಳದ ತಟ್ಟೆ ಬಿಚ್ಚಿದೆವು. ನಾನು ಪಕ್ಕದಲ್ಲಿ ಅಂಗಾತ ಮಲಗಿ ಟಾರ್ಚ್ ಬಿಟ್ಟೆ. ಮೂರನೆಯ ರಾಡಿನ ನಟ್ಟುಗಳ ಮೇಲೆ ನನ್ನ ಹಳದಿ ಗೀಟು ಅಚ್ಚುಕಟ್ಟಾಗಿತ್ತು. ಇವರು ಎರಡು ಬೆರಳಲ್ಲಿ ಒಂದನ್ನು ಹಿಡಿದರು. ನಟ್ಟು ಸಲೀಸಾಗಿ ತಿರುಗಿತು. ಇನ್ನೊಂದೂ ಅಷ್ಟೇ.

ಮೇಲೆ ಭಾವನ ಸದ್ದಡಗಿತ್ತು.

"ನಾನು ನೋಡದೇ ಗೀಟೆಳೆದೆ," ಎಂದೆ. "ನೀವು ಬಿಗಿದಿದ್ದೀರಿ ಅಂದ್ಕೊಂಡೆ."

"ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಬಿಗಿದಿಲ್ಲ ಅಂತ. ತಳ ಮುಚ್ಚಿದ ಮೇಲೆ ನೆನಪಾಯ್ತು." ಅವರು ಮೇಲಿನ ಕಬ್ಬಿಣವನ್ನೇ ನೋಡುತ್ತಿದ್ದರು. "ಸುಮ್ಮನಾದೆ. ಒಡೆದುಹೋಗಲಿ ಅನ್ನಿಸ್ತು. ಆಗಲಾದ್ರೂ ನೀನು ಮೇಲೆ ಹೋಗೋದು ನಿಲ್ಲುತ್ತೆ."

ನನ್ನ ಮೈಯೆಲ್ಲ ಉರಿಯಿತು. ಆ ಟಾರ್ಚನ್ನೇ ತೆಗೆದು ಬೀಸಬೇಕು ಅನ್ನಿಸಿತು. "ಇಲ್ಲೇ ಒಡೆಯುತ್ತೆ ಅಂತ ಯಾರು ಹೇಳಿದ್ರು ನಿಮಗೆ? ಅಂಗಳದಲ್ಲಿ ಓಡಿ, ಆ ತಿರುವಲ್ಲಿ ಕೈಕೊಟ್ಟಿದ್ರೆ?"

ಅವರು ತಲೆ ಹೊರಳಿಸಿ ನನ್ನನ್ನು ನೋಡಿದರು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ನಟ್ಟು ಹಿಡಿದ ಕೈ ತೀರಾ ನಡುಗತೊಡಗಿತು. ಆ ಕೈಯನ್ನು ನೋಡಿ ಸಿಟ್ಟಿನ ಜೊತೆಗೇ ನನಗೆ ಅಳುವೂ ಬಂತು.

"ಇಷ್ಟು ದಿನ ಮೂಕರ ಹಾಗೆ ಇದ್ರಲ್ಲ," ಎಂದೆ. "ಈಗ ಬಾಯಿಬಿಟ್ಟು ಹೇಳಿ. ಏನು ಹೇಳಬೇಕು ನನಗೆ?"

"ಹೋಗಬೇಡ," ಎಂದರು. "ನನಗೆ ಭಯ ಆಗುತ್ತೆ."

"ಹೋಗ್ತೀನಿ."

ಅವರು ಜೇಬಿನಿಂದ ಬಟ್ಟೆ ತೆಗೆದು ನಟ್ಟುಗಳ ಮೇಲಿನ ಬಣ್ಣವನ್ನು ಉಜ್ಜಿ ಉಜ್ಜಿ ಅಳಿಸಿದರು.

"ಟಾರ್ಚ್ ಸ್ವಲ್ಪ ಈ ಕಡೆ ಹಿಡಿ," ಎಂದರು. "ನಾಲ್ಕನ್ನೂ ಬಿಚ್ಚಿ ಮೊದಲಿಂದ ಬಿಗಿಯೋಣ."