ಎರಡು ಉಸಿರಿನ ಎಂಜಿನ್

"ಬೆರಳಿಗೇನು ಸಿಕ್ತು?"

"ಒಂದು ಸಣ್ಣ ಪೈಪು. ಅದರ ಬುಡದಲ್ಲಿ ಬೋಲ್ಟು."

"ಅದೇ... ಅದನ್ನೇ ಬಿಚ್ಚು. ಅವಸರ ಬೇಡ."

ಆಂಬುಲೆನ್ಸಿನ ಬಾನೆಟ್ಟಿನೊಳಗೆ ಅವಳ ಕೈ ಮೊಣಕೈಯವರೆಗೆ ಇಳಿದಿತ್ತು. ಕೆನ್ನೆ ತಣ್ಣನೆಯ ಲೋಹಕ್ಕೆ ಒತ್ತಿಕೊಂಡಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವಳ ಗಂಡ, ಊರೆಲ್ಲ ಮೇಸ್ತ್ರಿ ಎಂದೇ ಕರೆಯುವ ಮೆಕ್ಯಾನಿಕ್ಕು, ಕುತ್ತಿಗೆ ಚಾಚಿ ಇಣುಕುತ್ತಿದ್ದ. ಅವನ ಬಲಗೈ ತೊಡೆಯ ಮೇಲೆ, ಯಾರೋ ಇಟ್ಟು ಮರೆತ ಸಾಮಾನಿನಂತೆ ಬಿದ್ದಿತ್ತು.

ಹೋದ ತಿಂಗಳು ಅವನಿಗೆ ಪಾರ್ಶ್ವವಾಯು ಹೊಡೆದಾಗ ಈ ಗಾಡಿ ಹೀಗೇ ಬಿಚ್ಚಿಕೊಂಡು ನಿಂತಿತ್ತು. ಬೆಟ್ಟದ ಮೇಲಿನ ಆಸ್ಪತ್ರೆಯ ಗಾಡಿ. ರೋಗಿಯನ್ನೂ ನಾಲ್ಕು ಜನರನ್ನೂ ಹೊತ್ತು ಆ ಏರನ್ನು ಏದುಸಿರಿಲ್ಲದೆ ಹತ್ತುತ್ತಿದ್ದದ್ದು ಇದೊಂದೇ. ಅವನನ್ನು ಕರೆದೊಯ್ಯಬೇಕಾಗಿದ್ದ ಗಾಡಿ ಅವನ ಕಣ್ಣೆದುರೇ ಹೊಟ್ಟೆ ತೆರೆದುಕೊಂಡಿದ್ದರಿಂದ, ಅವನು ಸಾಮಾನು ಸಾಗಿಸುವ ವ್ಯಾನಿನಲ್ಲಿ ಚೀಲಗಳ ನಡುವೆ ಮಲಗಿಕೊಂಡು ದವಾಖಾನೆ ಸೇರಿದ್ದ. ಜೀವ ಉಳಿಯಿತು. ಮಾತು ತೊದಲಿಕೊಂಡಾದರೂ ವಾಪಸು ಬಂತು. ಕೈ ಬರಲಿಲ್ಲ.

ಪಟ್ಟಣದ ದೊಡ್ಡ ವರ್ಕ್‌ಶಾಪಿನವರು "ಬಿಚ್ಚಿದವರೇ ಜೋಡಿಸಲಿ" ಎಂದು ಕೈತೊಳೆದುಕೊಂಡಿದ್ದರು. ಆಂಬುಲೆನ್ಸಿನ ಡ್ರೈವರು ಮಾತ್ರ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಅಣ್ಣಾ, ಮೇಲೆ ಒಬ್ಬ ಹೆಣ್ಣುಮಗಳಿಗೆ ದಿನ ತುಂಬ್ತಾ ಇದೆ. ಮಗು ಅಡ್ಡ ಇದೆಯಂತೆ. ಕೆಳಗಿನ ದೊಡ್ಡಾಸ್ಪತ್ರೆಗೇ ಸಾಗಿಸ್ಬೇಕು ಅಂತಿದಾರೆ ಡಾಕ್ಟ್ರು. ನಾನೇನ್ ಬುಟ್ಟಿಲಿ ಹೊತ್ಕೊಂಡು ಬರ್ಲಾ?"

ಆ ಮಾತು ಕೇಳಿದ ಬೆಳಿಗ್ಗೆ ಮೇಸ್ತ್ರಿ ಎಡಗೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಹೆಣಗಾಡಿದ. ಅದು ಜಾರಿ ಬೀಳುತ್ತಲೇ ಇತ್ತು. ಒಳಗೆ ಹೊಲಿಯುತ್ತ ಕೂತಿದ್ದ ಹೆಂಡತಿ ಅವನ ಕೂಗಾಟಕ್ಕೆ ಕಾದಳು. ಬೀದಿಯ ಕೊನೆಯವರೆಗೆ ಕೇಳುವಂಥ ಗಂಟಲು ಅವನದು. ಕೂಗು ಬರಲಿಲ್ಲ. ಆ ಮೌನಕ್ಕೇ ಹೆದರಿ ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಬಂದಳು.

"ಏನು ಮಾಡ್ಬೇಕು ಹೇಳಿ, ನಾನು ಮಾಡ್ತೀನಿ."

"ನಿನ್ ಕೈಲಾಗಲ್ಲ."

"ನಿಮ್ ಕೈಲಂತೂ ಆಗ್ತಿಲ್ವಲ್ಲಾ."

ಅವನ ಮುಖದ ಒಂದು ಬದಿ ಮಾತ್ರ ನಕ್ಕಿತು. ಮದುವೆಯಾದಾಗಿನಿಂದ ಚಹಾ ಕೊಡಲಿಕ್ಕಲ್ಲದೆ ಅವಳು ಈ ಗ್ಯಾರೇಜಿನ ಹೊಸಿಲು ದಾಟಿದವಳಲ್ಲ. ಊಟ ಆರಿಹೋದರೂ ಏಳದೆ ಇಲ್ಲಿ ಕವುಚಿಕೊಂಡಿರುತ್ತಿದ್ದವನ ಬೆನ್ನನ್ನು ನೋಡಿ, ಇದರಲ್ಲಿ ಅಂಥದ್ದೇನಿದೆಯೋ ಎಂದು ಒಳಗೊಳಗೇ ಕುದಿದವಳು.

ಬೋಲ್ಟು ಸಡಿಲವಾಯಿತು. ಪೈಪು ಕೈಗೆ ಬಂತು. ಅದರ ತೂತು ಕಪ್ಪಗೆ, ಗಟ್ಟಿಯಾಗಿ ಮುಚ್ಚಿಹೋಗಿತ್ತು. ಸುಟ್ಟ ಎಣ್ಣೆ. ಅದರ ಹಿಂದೆಯೇ, ಗಂಡ ಹೇಳಿದಂತೆ ಒಂದೊಂದನ್ನೇ ಕಳಚುತ್ತ ಹೋಗಿ, ಬಸವನಹುಳುವಿನ ಚಿಪ್ಪಿನಂಥ ಒಂದು ಲೋಹದ ಗೂಡನ್ನು ಅವಳು ಎತ್ತಿ ತಂದಳು.

"ಇದು ಚಿಕ್ಕ ಟರ್ಬೊ. ಕೆಳಗೆ ಕಾಣೋದು ದೊಡ್ಡದು," ಎಂದ ಮೇಸ್ತ್ರಿ. "ಎಂಜಿನ್ ಉಗುಳಿದ ಹೊಗೇನೇ ಇದರ ಚಕ್ರ ತಿರುಗ್ಸುತ್ತೆ. ಆ ಚಕ್ರ ಇನ್ನೊಂದನ್ನ ತಿರುಗ್ಸುತ್ತೆ. ಅದು ಹೊರಗಿನ ಗಾಳೀನ ಒತ್ತಿ ಎಂಜಿನ್ನಿಗೆ ಉಸಿರು ತುಂಬುತ್ತೆ. ಗಾಡಿ ನಿಧಾನ ಇದ್ದಾಗ ಚಿಕ್ಕದು. ಓಟ ಹತ್ತಿದ ಮೇಲೆ ದೊಡ್ಡದು."

"ಎಷ್ಟು ಜೋರಾಗಿ ತಿರುಗುತ್ತೆ?"

"ನಿಮಿಷಕ್ಕೆ ಎರಡು ಲಕ್ಷ ಸುತ್ತು."

ತಮಾಷೆ ಎಂದುಕೊಂಡು ಅವಳು ಮುಖ ನೋಡಿದಳು. ಅವನು ನಗುತ್ತಿರಲಿಲ್ಲ. ಕಾಲು ನೋಯುವಷ್ಟು ತುಳಿದರೂ ತನ್ನ ಹೊಲಿಗೆ ಯಂತ್ರದ ಸೂಜಿ ಎಷ್ಟು ಕುಣಿದೀತು ಎಂದು ಲೆಕ್ಕ ಹಾಕಹೋಗಿ ಕೈಬಿಟ್ಟಳು. ಅಂಗೈಯಲ್ಲಿದ್ದ ಗೂಡಿನೊಳಗೆ ಆ ಪುಟ್ಟ ಚಕ್ರ, ಎಸಳೆಸಳು ತಿರುವಿಕೊಂಡ ಹೂವಿನಂತೆ ಕೂತಿತ್ತು.

"ಇಷ್ಟು ತಿರುಗೋವಾಗ ಎರಡೂ ಚಕ್ರ ಸೇರಿಸಿರೋ ಈ ದಂಡ ಯಾವುದರ ಮೇಲೆ ಕೂತಿರುತ್ತೆ?"

"ಯಾವುದರ ಮೇಲೂ ಇಲ್ಲ." ಅವನ ದನಿ ತಗ್ಗಿತು. "ಎಣ್ಣೆಯಲ್ಲಿ ತೇಲ್ತಿರುತ್ತೆ. ಕೂದಲಿಗಿಂತ ತೆಳುವಾದ ಎಣ್ಣೆ. ಒಂದು ಕಡೆ ಕೆಂಪಗೆ ಕಾಯುವಷ್ಟು ಬಿಸಿ, ಇನ್ನೊಂದು ಕಡೆ ಹೊರಗಿನ ಗಾಳಿ. ನಡುವೆ ಆ ಎಣ್ಣೆಯೊಂದೇ ಕಾಯ್ತಿರುತ್ತೆ."

ತೊದಲುವ ನಾಲಗೆ ಇಷ್ಟುದ್ದ ಮಾತಾಡಿದ್ದು ಕಾಯಿಲೆ ಬಿದ್ದ ಮೇಲೆ ಇದೇ ಮೊದಲು. ಅವಳು ದಂಡವನ್ನು ಬೆರಳಿನಿಂದ ಅಲುಗಿಸಿದಳು. ಅದು ಲೊಡಲೊಡ ಎಂದಿತು. ಎಣ್ಣೆ ಸಿಗದೆ ಸವೆದಿತ್ತು.

ಮೇಸ್ತ್ರಿ ಡ್ರೈವರನ್ನು ಕರೆದು ಮುಚ್ಚಿಹೋದ ಎಣ್ಣೆ ಪೈಪನ್ನು ತೋರಿಸಿದ. "ಬೆಟ್ಟ ಹತ್ತಿದ ತಕ್ಷಣ ಕೀಲಿ ತೆಗೀತೀಯಲ್ಲ, ಅದಕ್ಕೇ ಇದು. ಚಕ್ರ ಇನ್ನೂ ಕುದೀತಿರುತ್ತೆ, ನೀನು ಎಣ್ಣೆ ನಿಲ್ಲಿಸ್ತೀಯ. ಅಲ್ಲೇ ಸುಟ್ಟು ಕರಿಯಾಗುತ್ತೆ. ನೀನಾದ್ರೆ ಮೆಟ್ಲು ಹತ್ತಿ ಸುಧಾರಿಸ್ಕೊಳ್ಳಲ್ವೇನಯ್ಯಾ? ಇದಕ್ಕೂ ಸ್ವಲ್ಪ ಹೊತ್ತು ಸುಮ್ನೆ ಓಡೋಕೆ ಬಿಡು."

"ಇನ್ಮೇಲೆ ಜೋಗುಳ ಹಾಡೇ ಮಲಗಿಸ್ತೀನಣ್ಣಾ," ಎಂದ ಡ್ರೈವರು. ನಗಲು ಹೋಗಿ ನಗಲಿಲ್ಲ.

ಹೊಸ ಟರ್ಬೊ ಬಂತು, ಹೊಸ ಪೈಪು ಬಂತು. ಎಂಜಿನ್ನಿನ ಹಳೆ ಎಣ್ಣೆ, ಫಿಲ್ಟರು ಎಲ್ಲ ಬದಲಾದವು. ಗಾಳಿ ಹೋಗುವ ಕೊಳವೆಗಳನ್ನು ಬಟ್ಟೆಯಿಂದ ಒರೆಸಿ ಒರೆಸಿ ಅವಳು ಹೊಳೆಯಿಸಿದಳು. ಒಂದು ಚೂರು ಕಸ ಉಳಿದರೂ ಆ ಹೂವು ಛಿದ್ರವಾಗುತ್ತದೆಂದು ಅವನು ಹೇಳಿದ್ದ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುವುದನ್ನು ಅವಳಿಗೆ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಒಂದೇ ಕಡೆ ಎಳೆದರೆ ಬಟ್ಟೆ ನೆರಿಗೆ ಬೀಳುವುದು ಅವಳಿಗೆ ಗೊತ್ತಿರದ ಸಂಗತಿಯೇ? ಕೊನೆಗೆ ಹೊಸ ದಂಡದ ಮೇಲೆ ಎಣ್ಣೆ ಹನಿಸಿ ಬೆರಳ ತುದಿಯಿಂದ ತಿರುಗಿಸಿದಳು. ಅದು ಸದ್ದೇ ಮಾಡದೆ ತಿರುಗಿತು; ಬೆರಳು ತೆಗೆದ ಮೇಲೂ ತಿರುಗುತ್ತಿತ್ತು.

"ಮೊದಲು ಡೀಸೆಲ್ ಕೊಡದೆ ಸುಮ್ನೆ ತಿರುಗ್ಸು," ಎಂದು ಮೇಸ್ತ್ರಿ ಡ್ರೈವರಿಗೆ ಹೇಳಿದ. "ಎಣ್ಣೆ ಸಾಲದು ಅಂತ ಮುಂದೆ ಉರಿಯುತ್ತಲ್ಲ ಕೆಂಪು ದೀಪ, ಅದು ಆರಲಿ."

ದೀಪ ಆರಿತು. ಆಮೇಲೆ ಕೀಲಿ ತಿರುವಿದಾಗ ಎಂಜಿನ್ ಒಮ್ಮೆ ಮೈ ಕೊಡವಿ ಹಿಡಿದುಕೊಂಡಿತು. ಗೋಡೆಗೆ ತೂಗುಹಾಕಿದ ಪಾನಾಗಳೆಲ್ಲ ಸಣ್ಣಗೆ ಕಿಣಿಗುಟ್ಟಿದವು. ಅವಳ ಕೈ ಎರಡೂ ತಾವಾಗಿ ಬಾಯಿಗೆ ಹೋದವು, ಮುಖವೆಲ್ಲ ಮಸಿಯಾಯಿತು.

ಏರಿನಲ್ಲಿ ಪರೀಕ್ಷೆಯಾಗದೆ ಗಾಡಿ ಒಪ್ಪಿಸುವ ಪೈಕಿ ಅಲ್ಲ ಮೇಸ್ತ್ರಿ. ಅವನನ್ನು ಎತ್ತಿ ಕೂರಿಸಿ, ಡ್ರೈವರಿಗೂ ಅವನಿಗೂ ನಡುವೆ ಅವಳು ಕೂತಳು. ಊರು ಹಿಂದಾಯಿತು. ಮೊದಲ ತಿರುವು ಬಂತು. ಪಾದದಡಿಯಿಂದ ಎಳೆ ಶಿಳ್ಳೆಯಂಥ ಸದ್ದೊಂದು ಎದ್ದಿತು.

"ಚಿಕ್ಕದು," ಎಂದ ಅವನು, ಕಣ್ಣು ಮುಚ್ಚಿಕೊಂಡು.

ಏರು ಕಡಿದಾಯಿತು. ಗಾಡಿ ಏದುಸಿರು ಬಿಡುತ್ತದೆಂದು ಅವಳು ಸೀಟು ಬಿಗಿಹಿಡಿದಳು. ಬದಲಿಗೆ ಯಾವುದೋ ದೊಡ್ಡ ಕೈ ಬೆನ್ನಿಗೆ ಒತ್ತುಕೊಟ್ಟು ಎಲ್ಲರನ್ನೂ ಮೇಲಕ್ಕೆ ನೂಕಿದ ಹಾಗಾಯಿತು. ಶಿಳ್ಳೆ ಇರಲಿಲ್ಲ. ಒಂದು ಆಳವಾದ, ತುಂಬಿದ ದನಿ ಮಾತ್ರ ಇತ್ತು. ಜರ್ಕು ಇಲ್ಲ, ತಡೆ ಇಲ್ಲ. ಬಂಡೆಗಳು, ಮರಗಳು ಪಕ್ಕದಲ್ಲಿ ಸರಸರನೆ ಕೆಳಗಿಳಿದವು.

"ರೀ, ಚಿಕ್ಕದು ಎಲ್ಲಿ ಬಿಡ್ತು, ದೊಡ್ಡದು ಎಲ್ಲಿ ಹಿಡೀತು? ಗೊತ್ತೇ ಆಗ್ಲಿಲ್ಲ!"

"ಎಷ್ಟೋ ವರ್ಷದಿಂದ ಕಿವಿಗೊಟ್ಟು ಹುಡುಕ್ತಿದೀನಿ ಕಣೇ," ಎಂದ ಅವನು. "ನಂಗೂ ಸಿಕ್ಕಿಲ್ಲ."

ಮೇಲೆ ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಕೈಬೀಸುತ್ತ ಓಡಿಬಂದಳು. ಆ ಹೆಣ್ಣುಮಗಳಿಗೆ ನೋವು ಶುರುವಾಗಿತ್ತು. ಎಂಜಿನ್ ಆರಿಸಲಿಕ್ಕೂ ಬಿಡುವಿರಲಿಲ್ಲ. ಮೇಸ್ತ್ರಿಯನ್ನು ಇಳಿಸಿಕೊಂಡು ಅವಳು ಬದಿಗೆ ಸರಿಯುವಷ್ಟರಲ್ಲಿ ಸ್ಟ್ರೆಚರ್ ಗಾಡಿಯೊಳಗೆ ಹೋಯಿತು, ಹಿಂದೆಯೇ ಬಸುರಿಯ ತಾಯಿ, ನರ್ಸು. ಬಾಗಿಲು ಬಡಿದುಕೊಂಡಿತು. ಗಾಡಿ ತಿರುಗಿ ಇಳಿಜಾರು ಹಿಡಿಯಿತು.

"ನೀವಿಬ್ರು ವಾಪಸು ಹೇಗೆ ಹೋಗ್ತೀರಮ್ಮಾ?" ಎಂದು ಕಾವಲುಗಾರ ಕೇಳಿದ.

ಮೇಸ್ತ್ರಿ ಅವಳ ಭುಜಕ್ಕೆ ಆತು ನಿಂತಿದ್ದ. ಕೆಳಗಿನ ತಿರುವುಗಳಲ್ಲಿ ಗಾಡಿಯ ಬಿಳಿ ಚಾವಣಿ ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಇನ್ನಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದೂ ಅಡಗಿತು. ಕಣಿವೆಯ ತುಂಬ ಬಿಸಿಲು ಹರಡಿತ್ತು. ಇಬ್ಬರೂ ಒಂದೇ ಕಡೆಗೆ ತಲೆ ವಾಲಿಸಿಕೊಂಡು ಕೇಳುತ್ತಲೇ ನಿಂತಿದ್ದರು.